ಸಂದಿನ ಮೇಲೆ ಸಂದು

"ಇದು ನಮ್ಮ ಮುರಕಲ್ಲು ಮಾರಾಯ!"

ಬೆಳಿಗ್ಗೆ ಐದೂವರೆ ಗಂಟೆ. ಅಂಗ್ಕೋರ್ ವಾಟ್‌ನ ಪಶ್ಚಿಮದ ಬಾಗಿಲು ದಾಟಿ ಜನ ಒಳಗಿನ ಕೊಳದ ದಂಡೆಗೆ ಓಡುತ್ತಿದ್ದರು. ಶಿಖರಗಳ ಹಿಂದಿನಿಂದ ಸೂರ್ಯ ಮೇಲೆ ಬರುವುದನ್ನು ನೀರಿನಲ್ಲಿ ಎರಡೆರಡಾಗಿ ಹಿಡಿಯಲು ಅಲ್ಲಿ ಮುಂದಿನ ಸಾಲಿನಲ್ಲೇ ನಿಲ್ಲಬೇಕಂತೆ. ನನ್ನ ಸೋದರಮಾವ ಮಾತ್ರ ಬಾಗಿಲಿನ ಪಕ್ಕಕ್ಕೆ ಸರಿದು, ಟಾರ್ಚು ಹಾಕಿ, ಪ್ರಾಕಾರದ ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದರು. ಕೆಮ್ಮಣ್ಣಿನ ಬಣ್ಣ, ಮೈತುಂಬ ಜೇನುಗೂಡಿನಂಥ ತೂತು, ತೂತಿನೊಳಗೆ ಪಾಚಿ. ಅನುಮಾನವೇ ಇಲ್ಲ, ಅದು ಮುರಕಲ್ಲು. ಸೂರ್ಯೋದಯ ತಪ್ಪಿತು.

ಮಾವ ನಲವತ್ತು ವರ್ಷ ಪುತ್ತೂರು, ಸುಳ್ಯದ ಕಡೆ ಮನೆ ಕಟ್ಟಿದ ಮೇಸ್ತ್ರಿ. ಎಪ್ಪತ್ತು ತುಂಬಿದ ವರ್ಷ, ಎಲ್ಲಿಗಾದರೂ ಕರೆದುಕೊಂಡು ಹೋಗುತ್ತೇನೆ ಎಂದಾಗ ಕಾಶಿ ಎನ್ನುತ್ತಾರೆ ಅಂದುಕೊಂಡಿದ್ದೆ. "ಆ ಕಾಂಬೋಡಿಯಾದ ದೇವಸ್ಥಾನ ಉಂಟಲ್ಲ, ಗಾರೆ ಹಾಕದೆ ಕಟ್ಟಿದ್ದು, ಅದನ್ನೊಮ್ಮೆ ನೋಡಬೇಕು" ಎಂದರು. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಸಿಯೆಮ್ ರೀಪ್. ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೇ ಬಣ್ಣ ಬಳಿದ ದೊಡ್ಡ ಸಮುದ್ರಮಥನವೊಂದು ನಿಂತಿದೆ. ಅದರ ಮುಂದೆ ಮಾವ ಫೋಟೋ ತೆಗೆಸಿಕೊಳ್ಳಲಿಲ್ಲ. ಸಿಮೆಂಟಿನದ್ದೋ ಫೈಬರಿನದ್ದೋ ಎಂದು ತಟ್ಟಿ ನೋಡಲು ಹೋದವರನ್ನು ನಾನೇ ಎಳೆದುಕೊಂಡು ಬಂದೆ.

ಘಟ್ಟದ ಮೇಲಿನವರು ಜಂಬಿಟ್ಟಿಗೆ ಎನ್ನುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ನಮ್ಮ ಕರಾವಳಿಯ ಕಡೆಯಿಂದಲೇ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಜನ ಅದನ್ನು ನೆಲದಿಂದ ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆಗಿರುವ ಪದದಿಂದ ಈ ಹೆಸರು ಕಟ್ಟಿದ. ನೆಲದೊಳಗಿದ್ದಾಗ ಅದು ಮೆತ್ತಗೆ, ಕೊಡಲಿಗೆ ಸಿಗುತ್ತದೆ. ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಆದರೆ ಅದರ ಮೇಲೆ ಕೆತ್ತಲಾಗದು. ಉಳಿ ಇಟ್ಟರೆ ಪುಡಿ ಉದುರುತ್ತದೆ. ಹಾಗಾಗಿ ಈ ಗುಡಿ ಕಟ್ಟಿದ ಖ್ಮೇರರು ಬುನಾದಿ, ಕಟ್ಟೆ, ಪ್ರಾಕಾರಗಳಿಗೆ ಮುರಕಲ್ಲು ಇಟ್ಟು, ಕಣ್ಣಿಗೆ ಬೀಳುವ ಕಡೆಯಲ್ಲೆಲ್ಲ ಮರಳುಗಲ್ಲು ಹೊದಿಸಿದರು. ಆ ಮರಳುಗಲ್ಲು ಬಂದದ್ದು ಸುಮಾರು 40 ಕಿ.ಮೀ. ದೂರದ ಕುಲೆನ್ ಬೆಟ್ಟದ ಬುಡದಿಂದ, ಬಹುಮಟ್ಟಿಗೆ ನೀರಿನ ದಾರಿಯಲ್ಲಿ. "ಹೊರಗೆ ಪೇಟ, ಒಳಗೆ ನಮ್ಮ ಹಾಗಿನವರು" ಎಂದು ಮಾವ ನಕ್ಕರು.

ಅಂಗ್ಕೋರ್ ಎಂಬುದು 'ನಗರ'ದ ಸವೆದ ರೂಪ. ಗುಡಿಗೆ ಅಲ್ಲಿ 'ಪ್ರಸಾತ್' ಎನ್ನುತ್ತಾರೆ, ಅದು ನಮ್ಮ ಪ್ರಾಸಾದ. ಗೋಪುರ ಗೋಪುರವೇ. ಅಂಗ್ಕೋರ್ ವಾಟ್ ಕಟ್ಟಿಸಿದ ಎರಡನೆಯ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿದ್ದಿರಲಾರದು. ಇಬ್ಬರೂ ಒಂದೇ ಕಾಲದಲ್ಲಿ ವಿಷ್ಣುವಿಗೆ ಕಲ್ಲಿನ ಮನೆ ಕಟ್ಟಿಸುತ್ತಿದ್ದರು. ಅಳತೆಯಲ್ಲಿ ಹೋಲಿಕೆಯೇ ಇಲ್ಲ. ಇಲ್ಲಿ ಕಂದಕದ ಅಗಲವೇ 190 ಮೀಟರು, ನಡುಗೋಪುರದ ಎತ್ತರ 65 ಮೀಟರು. ಆದರೆ ಬೇಲೂರಿನ ಮದನಿಕೆಯರ ಕಾಲಬುಡದಲ್ಲಿ ಕೆತ್ತಿದವರು ಹೆಸರು ಹಾಕಿಕೊಂಡಿದ್ದಾರೆ, ದಾಸೋಜ ಬಳ್ಳಿಗಾವೆಯವನು ಎಂದು ಇವತ್ತಿಗೂ ನಾವು ಹೇಳಬಲ್ಲೆವು. ಇಲ್ಲಿ ಗೋಡೆಯ ತುಂಬ ಸಾವಿರಕ್ಕೂ ಮಿಕ್ಕಿ ದೇವತೆಯರಿದ್ದಾರೆ, ಒಬ್ಬಳ ಜಡೆ ಇನ್ನೊಬ್ಬಳಿಗಿಲ್ಲ. ಕೆತ್ತಿದ ಒಬ್ಬನ ಹೆಸರೂ ಇಲ್ಲ.

ಪಶ್ಚಿಮದ ಗೋಪುರದೊಳಗೆ ಎಂಟು ಕೈಗಳ ವಿಷ್ಣು ನಿಂತಿದ್ದಾನೆ. ಮೈಮೇಲೆ ಕೇಸರಿ, ಹಳದಿ ಬಟ್ಟೆ, ಮುಂದೆ ಊದುಬತ್ತಿಯ ಹೊಗೆ, ಹಣ್ಣಿನ ತಟ್ಟೆ. ಊರಿನವರು ಅವನನ್ನು ವಿಷ್ಣು ಎನ್ನುವುದಿಲ್ಲ, 'ತಾ ರೀಚ್' ಎನ್ನುತ್ತಾರೆ. ರೀಚ್ ಎಂದರೆ ರಾಜ, ತಾ ಎಂದರೆ ಅಜ್ಜ. ಆ ಜಾಗ ಕಾಯುವ ಶಕ್ತಿ ಅವನಲ್ಲಿ ನೆಲೆಸಿದೆಯೆಂದು ನಂಬಿಕೆ. ಸುಳ್ಳು ಆಣೆ ಮಾಡಿದವರನ್ನು ಅವನು ಬಿಡುವುದಿಲ್ಲವಂತೆ. ನಾನು ಇದನ್ನು ವಿವರಿಸುತ್ತಿದ್ದ ಹಾಗೆ ಮಾವ ಚಪ್ಪಲಿ ಕಳಚಿ ಬದಿಗಿಟ್ಟಿದ್ದರು. "ಅಜ್ಜ ಅಂತಲಾ? ಹಾಗಾದರೆ ನಮ್ಮ ಕೊರಗಜ್ಜನ ಲೆಕ್ಕ." ನಾಲ್ಕು ದಿನದಲ್ಲಿ ಅವರು ಕೈಮುಗಿದದ್ದು ಅಲ್ಲಿ ಮಾತ್ರ.

ಇಂಥ ಜಾಗವನ್ನು 1860ರಲ್ಲಿ ಆನ್ರಿ ಮುಓ ಎಂಬ ಫ್ರೆಂಚ್ ನಿಸರ್ಗಶಾಸ್ತ್ರಜ್ಞ 'ಕಂಡುಹಿಡಿದ' ಎಂದು ಹೇಳುವ ಪುಸ್ತಕಗಳು ಇನ್ನೂ ಮಾರಾಟಕ್ಕಿವೆ. ಅವನು ಬರುವಾಗ ಅಲ್ಲಿ ಭಿಕ್ಷುಗಳಿದ್ದರು. ಅವನಿಗಿಂತ ಎರಡು ಶತಮಾನ ಮೊದಲು, 1632ರಲ್ಲಿ, ಜಪಾನಿನಿಂದ ಒಬ್ಬ ಸಮುರಾಯ್ ಯಾತ್ರೆಗೆ ಬಂದು ಕಂಬದ ಮೇಲೆ ಮಸಿಯಲ್ಲಿ ತನ್ನ ಭೇಟಿಯನ್ನು ಬರೆದು ಹೋಗಿದ್ದಾನೆ. ಆ ಕಾಲದ ಜಪಾನೀಯರು ಇದನ್ನೇ ಬುದ್ಧನ ಜೇತವನವೆಂದು ತಿಳಿದಿದ್ದರು. ಶ್ರಾವಸ್ತಿ ತಪ್ಪಿ ಅಂಗ್ಕೋರ್ ಸಿಕ್ಕಿದರೂ ಅವನ ಪುಣ್ಯಕ್ಕೇನೂ ಕಡಿಮೆಯಾಗಿರಲಿಕ್ಕಿಲ್ಲ.

ಒಳಗಿನ ಗ್ಯಾಲರಿಗಳ ಉಬ್ಬುಶಿಲ್ಪಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಸಮುದ್ರಮಥನ 49 ಮೀಟರು ಉದ್ದ, ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು. ನಾನು ಎಣಿಸಲು ಹೋಗಿ ಇಪ್ಪತ್ತಕ್ಕೆ ಸೋತೆ. ಮಾವ ನೋಡುತ್ತಿದ್ದದ್ದು ತಲೆಯ ಮೇಲಿನ ಚಾವಣಿಯನ್ನು.

"ಇವರಿಗೆ ಕಮಾನು ಗೊತ್ತಿರಲಿಲ್ಲವಾ?"

ಗೊತ್ತಿರಲಿಲ್ಲವೋ ಬೇಡವೆಂದು ಬಿಟ್ಟರೋ, ಅಂಗ್ಕೋರ್‌ನಲ್ಲಿ ನಿಜವಾದ ಕಮಾನು ಇಲ್ಲ. ಎರಡೂ ಗೋಡೆಗಳಿಂದ ಒಂದೊಂದು ಕಲ್ಲನ್ನು ಸ್ವಲ್ಪ ಸ್ವಲ್ಪವೇ ಮುಂದೆ ಚಾಚುತ್ತ ಹೋಗಿ ಮೇಲೆ ಕೂಡಿಸುತ್ತಾರೆ. ಅದಕ್ಕೇ ಇಷ್ಟು ದೊಡ್ಡ ಗುಡಿಯಲ್ಲಿ ಒಂದು ಅಗಲವಾದ ಕೋಣೆಯಿಲ್ಲ, ಎಲ್ಲ ಓಣಿಗಳೇ. ಆಮೇಲೆ ಮಾವ ಗೋಡೆಗೆ ಬಂದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ಯಾರದೋ ತಪ್ಪು ಲೆಕ್ಕ ಹಿಡಿದವರ ಹಾಗೆ ಬೆರಳಿಟ್ಟು ತೋರಿಸಿದರು.

"ನೋಡು. ಸಂದಿನ ಮೇಲೆ ಸಂದು ಬಂದುಬಿಟ್ಟಿದೆ. ಎರಡು ಕಲ್ಲು ಕೂಡುವ ಸಂದಿನ ಮೇಲೆ ಮೇಲಿನ ಕಲ್ಲಿನ ಹೊಟ್ಟೆ ಬರಬೇಕು. ಇದು ನಮ್ಮಲ್ಲಿ ಹೊಸ ಹುಡುಗನಿಗೂ ಗೊತ್ತು. ಇವನು ಹಾಗೇ ಬಿಟ್ಟಿದ್ದಾನೆ, ಕೆಳಗಿನಿಂದ ಮೇಲಿನವರೆಗೆ ಒಂದೇ ಗೆರೆ!"

ಮಾವನಿಗೆ ನಿಜವಾಗಿ ಸಂಕಟವಾಗಿತ್ತು. ಹಿಂದೆ ಫ್ರೆಂಚ್ ವಾಸ್ತುತಜ್ಞರೂ ಇದನ್ನೇ ಬರೆದಿದ್ದಾರೆ: ಖ್ಮೇರರು ಕೆತ್ತನೆಯಲ್ಲಿ ಎಷ್ಟು ನಾಜೂಕೋ ಕಲ್ಲು ಕೂರಿಸುವ ಸೂತ್ರದಲ್ಲಿ ಅಷ್ಟೇ ಉದಾಸೀನ, ಮರದಲ್ಲಿ ಕಟ್ಟುವ ಅಭ್ಯಾಸವನ್ನು ಹಾಗೇ ಕಲ್ಲಿಗೆ ತಂದವರು. ಎಷ್ಟೋ ಕಡೆ ಕಲ್ಲಿನ ತೊಲೆಯ ಹೊಟ್ಟೆ ಕೊರೆದು ಒಳಗೆ ಮರದ ತೊಲೆ ಇಟ್ಟಿದ್ದರು. ಮರ ಕೊಳೆಯಿತು, ಕಲ್ಲು ಮುರಿಯಿತು. ಆದರೆ ಒಂದು ಮಾತು ಮಾವನೂ ಒಪ್ಪಿದರು. ಗಾರೆ ಇಲ್ಲ, ಆದರೂ ಸಂದಿನಲ್ಲಿ ಉಗುರು ಹೋಗುವುದಿಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟು, ಹಗ್ಗ ಕಟ್ಟಿ ಹಿಂದೆ ಮುಂದೆ ಎಳೆದು, ಎರಡೂ ಒಂದನ್ನೊಂದು ತೇಯ್ದು ಕೂಡುವವರೆಗೆ ಉಜ್ಜುತ್ತಿದ್ದರು. ಬಾಯೊನ್ ಗುಡಿಯ ಗೋಡೆಯಲ್ಲಿ ಈ ಕೆಲಸದ ಚಿತ್ರವೇ ಇದೆ. ಹಾಗೆ ತೇಯ್ದ ಕಲ್ಲು ಅದೊಂದೇ ಜಾಗಕ್ಕೆ ಸರಿಹೊಂದುತ್ತದೆ, ಪಕ್ಕದ ಜಾಗಕ್ಕೂ ಆಗುವುದಿಲ್ಲ. ಈ ಮಾತಿನ ಬೆಲೆ ನನಗೆ ತಿಳಿದದ್ದು ಮೂರನೆಯ ದಿನ.

ನಡುವಿನದ್ದನ್ನು ಬೇಗ ಹೇಳುತ್ತೇನೆ. ಬಾಯೊನ್‌ನಲ್ಲಿ ಏಳನೆಯ ಜಯವರ್ಮನ ಕಾಲದ ನಗುವ ಮುಖಗಳು. ನೂರಾರು ಮುಖ, ಯಾವ ಕಡೆ ಹೊರಳಿದರೂ ನಮ್ಮನ್ನೇ ನೋಡುತ್ತವೆ. ನನಗೆ ಅವುಗಳಿಗಿಂತ ಹೊರಗೋಡೆಯ ಕೆತ್ತನೆ ಇಷ್ಟವಾಯಿತು. ರಾಜನ ಯುದ್ಧದ ಕೆಳಗೆ ಕೋಳಿ ಅಂಕ, ಮೀನು ಸಂತೆ, ಹೆರಿಗೆ, ಕಡಾಯಿಗೆ ಹಂದಿ ಇಳಿಸುವ ಅಡುಗೆಯವರು. ಕೋಳಿ ಅಂಕದ ಮುಂದೆ ಮಾವ ಹತ್ತು ನಿಮಿಷ ನಿಂತರು, ಯಾವ ಕೋಳಿ ಗೆಲ್ಲುತ್ತದೆಂದು ಸಹ ಹೇಳಿದರು.

ತಾ ಪ್ರೋಮ್‌ಗೆ ಹೋಗುವ ದಾರಿಯ ಬದಿಯಲ್ಲಿ, ನೆಲಬಾಂಬಿಗೆ ಕಾಲು ಕಳೆದುಕೊಂಡವರ ವಾದ್ಯಗೋಷ್ಠಿ. ನಮ್ಮ ಮುಖ ನೋಡಿ ಹಳೆಯ ಹಿಂದಿ ಸಿನಿಮಾದ ಧಾಟಿಯೊಂದನ್ನು ಎತ್ತಿಕೊಂಡರು. ಒಳಗೆ, ಗುಡಿಯ ನೆತ್ತಿಯ ಮೇಲೆ ಕೂತ ಮರಗಳು. ಬೇರುಗಳು ಕರಗಿದ ಮೇಣದಂತೆ ಗೋಡೆಯ ಮೇಲಿಂದ ಇಳಿದಿವೆ. ಬಹಳಷ್ಟು ಟೆಟ್ರಾಮೆಲಿಸ್ ಜಾತಿಯವು, ನಮ್ಮ ಘಟ್ಟದ ಕಾಡಿನಲ್ಲೂ ಇರುವಂಥವು. ಜಯವರ್ಮ ತನ್ನ ತಾಯಿಯ ಹೆಸರಿನಲ್ಲಿ 1186ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ಮಠದ ಶಾಸನ ಒಂದು ಲೆಕ್ಕಪುಸ್ತಕದ ಹಾಗಿದೆ: ಮಠದ ಊಳಿಗಕ್ಕೆ 3,140 ಹಳ್ಳಿ, 79,365 ಜನ, ಅವರಲ್ಲಿ 615 ನರ್ತಕಿಯರು, ರಾಜ್ಯದಲ್ಲಿ 102 ಆಸ್ಪತ್ರೆಗಳು. ರಾಜನ ಪುಣ್ಯಕ್ಕೆ ಅಷ್ಟು ಹಳ್ಳಿಗಳ ಅಕ್ಕಿ ನಡೆದುಕೊಂಡು ಬರುತ್ತಿತ್ತು.

ತಾ ಪ್ರೋಮನ್ನು ಕಾಡು ತಿಂದ ಹಾಗೇ ಬಿಡಬೇಕೆಂದು ಫ್ರೆಂಚರು ತೀರ್ಮಾನಿಸಿದ್ದರು. ಅಂದರೆ ಬೀಳುತ್ತಿರುವುದನ್ನು ಬೀಳುತ್ತಿರುವ ಭಂಗಿಯಲ್ಲೇ ನಿಲ್ಲಿಸಬೇಕು. ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಈಗ ಆ ಹೊಣೆ ಹೊತ್ತಿರುವುದು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಕಾಂಬೋಡಿಯಾದ ಅಪ್ಸರಾ ಪ್ರಾಧಿಕಾರದ ಜೊತೆ. ಬೇರಿಗೆ ಊರೆ ಕೊಟ್ಟ ಕಬ್ಬಿಣದ ಆಸರೆ, ಫಲಕದ ಮೇಲೆ ತ್ರಿವರ್ಣ ಕಂಡಾಗ ಮಾವನಿಗೆ ಹೆಮ್ಮೆಯಾಯಿತು. ನಾನು ಹಳೆಯ ಜಗಳವೊಂದನ್ನು ತೆಗೆದೆ. 1986ರಿಂದ 1993ರವರೆಗೆ ಅಂಗ್ಕೋರ್ ವಾಟ್‌ನಲ್ಲಿ ಇದೇ ಇಲಾಖೆ ಕೆಲಸ ಮಾಡಿದಾಗ, ರಾಸಾಯನಿಕ ಹಾಕಿ ಕಲ್ಲು ತೊಳೆದದ್ದಕ್ಕೂ ಸಿಮೆಂಟು ಬಳಸಿದ್ದಕ್ಕೂ ಜಗತ್ತಿನ ತಜ್ಞರಿಂದ ಬಹಳ ಟೀಕೆ ಬಂತು. ಆ ಟೀಕೆಯಲ್ಲಿ ಹುರುಳಿತ್ತು. ಆದರೆ ಅದು ಪೊಲ್ ಪೊಟ್‌ನನ್ನು ಓಡಿಸಿ ಬಂದ ಸರಕಾರವನ್ನು ಪಶ್ಚಿಮದ ದೇಶಗಳು ಒಪ್ಪದೆ ಇದ್ದ ಕಾಲ. ಕಾಡಿನಲ್ಲಿ ನೆಲಬಾಂಬು, ಪೊಲ್ ಪೊಟ್ ಪಡೆಯಾದ ಖ್ಮೇರ್ ರೂಜ್ ಬಂದೂಕು. ಆಗ ಬಂದು ಕೂತವರು ನಮ್ಮವರೇ. ತಪ್ಪು ಮಾಡುವುದಕ್ಕಾದರೂ ಅಲ್ಲಿ ಇರಬೇಕಲ್ಲ ಎಂಬ ಮಾವನ ತೀರ್ಪನ್ನು ನಾನು ಪೂರ್ತಿ ಒಪ್ಪಿಲ್ಲ, ತಳ್ಳಿಹಾಕಿಯೂ ಇಲ್ಲ.

ಬಾಂಟೇ ಸ್ರೇ ಸ್ವಲ್ಪ ದೂರ. ಗದ್ದೆ, ತಾಳೆಮರ, ತಾಳೆಬೆಲ್ಲ ಕಾಯಿಸುವ ಒಲೆಗಳ ನಡುವೆ ಹೋಗುವ ದಾರಿ. 967ರಲ್ಲಿ ಪ್ರತಿಷ್ಠೆಯಾದ ಪುಟ್ಟ ಶಿವಾಲಯ. ಕಟ್ಟಿಸಿದವನು ರಾಜನಲ್ಲ, ಯಜ್ಞವರಾಹನೆಂಬ ವಿದ್ವಾಂಸ. ನಸುಗೆಂಪು ಮರಳುಗಲ್ಲಿನಲ್ಲಿ ಮರದ ಕೆತ್ತನೆಯಷ್ಟು ಆಳ. 1923ರಲ್ಲಿ ಆಂದ್ರೆ ಮಾಲ್ರೋ ಎಂಬ ಫ್ರೆಂಚ್ ತರುಣ ಇಲ್ಲಿಂದ ದೇವತೆಯರ ಶಿಲ್ಪಗಳನ್ನು ಕಿತ್ತು ಸಾಗಿಸಲು ಹೋಗಿ ಸಿಕ್ಕಿಬಿದ್ದ. ಮುಂದೆ ಅವನು ದೊಡ್ಡ ಕಾದಂಬರಿಕಾರನಾದ, ಫ್ರಾನ್ಸಿನ ಸಂಸ್ಕೃತಿ ಮಂತ್ರಿಯೂ ಆದ. ಕಳ್ಳತನದಿಂದ ಒಂದು ಉಪಕಾರವಾಯಿತು. ಊರಿನ ಗಮನ ಗುಡಿಯ ಕಡೆ ತಿರುಗಿ, 1931ರಿಂದ ಆನ್ರಿ ಮಾರ್ಷಾಲ್ ಎಂಬ ಫ್ರೆಂಚ್ ವಾಸ್ತುತಜ್ಞ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟಿದ. ಬಿದ್ದ ಕಲ್ಲುಗಳನ್ನು ಗುರುತಿಸಿ ಅವವುಗಳ ಜಾಗದಲ್ಲೇ ಕೂರಿಸುವ ಈ ವಿದ್ಯೆಯನ್ನು ಅವನು ಜಾವಾದಲ್ಲಿ ಡಚ್ಚರಿಂದ ಕಲಿತು ಬಂದಿದ್ದ.

ಮೂರನೆಯ ದಿನ ಬಾಫೂಒನ್.

ಅದನ್ನು ನೋಡಲು ಹೆಚ್ಚು ಜನ ಹೋಗುವುದಿಲ್ಲ. ಬಾಯೊನ್ ಪಕ್ಕದಲ್ಲೇ ಇದೆ. ಆದರೆ ನಗುವ ಮುಖವಿಲ್ಲ, ಬೇರು ಬಿಟ್ಟ ಮರವಿಲ್ಲ. ಸಾಲು ಸಾಲು ಗಿಡ್ಡ ಕಂಬಗಳ ಮೇಲೆ ಇನ್ನೂರು ಮೀಟರು ಉದ್ದದ ಕಲ್ಲಿನ ಕಾಲುದಾರಿ, ಕೊನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಗುಡ್ಡದಂಥ ಗುಡಿ. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಎರಡನೆಯ ಉದಯಾದಿತ್ಯವರ್ಮ ಕಟ್ಟಿಸಿದ್ದು. ಒಳಗಿರುವುದು ಮರಳು. ಮರಳಿನ ಗುಡ್ಡಕ್ಕೆ ಕಲ್ಲು ಹೊದಿಸಿದ್ದಾರೆ. ಮಳೆಗಾಲದಲ್ಲಿ ನೀರು ಕುಡಿದ ಮರಳು ಗೋಡೆಯನ್ನು ಹೊರಗೆ ತಳ್ಳುತ್ತಿತ್ತು. ಒಂದೊಂದೇ ಕಡೆ ಜಾರುತ್ತ ಬಂತು. ಮಧ್ಯೆ ಬೌದ್ಧರು ಬಿದ್ದ ಕಲ್ಲುಗಳನ್ನೂ ಬೀಳದವನ್ನೂ ತೆಗೆದು ಪಶ್ಚಿಮದ ಬದಿಗೆ ಸುಮಾರು ಎಪ್ಪತ್ತು ಮೀಟರು ಉದ್ದದ ಮಲಗಿದ ಬುದ್ಧನನ್ನು ಮಾಡಿದರು. ಒಂದು ಗುಡಿಯ ಕಲ್ಲಿನಲ್ಲಿ ಇನ್ನೊಂದು ದೇವರು.

ಫ್ರೆಂಚರ ಪೌರ್ವಾತ್ಯ ಅಧ್ಯಯನ ಸಂಸ್ಥೆಯವರು 1960ರ ಹೊತ್ತಿಗೆ, ಬೆರ್ನಾರ್ ಫಿಲಿಪ್ ಗ್ರೊಸ್ಲಿಯೆಯ ಮೇಲ್ವಿಚಾರಣೆಯಲ್ಲಿ, ಇದನ್ನು ಉಳಿಸಲು ಬಿಚ್ಚುವುದೊಂದೇ ದಾರಿ ಎಂದುಕೊಂಡರು. ಸುಮಾರು ಮೂರು ಲಕ್ಷ ಕಲ್ಲು. ಪ್ರತಿಯೊಂದಕ್ಕೂ ಗುರುತು, ಎಲ್ಲಿಂದ ತೆಗೆದದ್ದೆಂದು ದಾಖಲೆ. ಬಿಚ್ಚಿದ ಕಲ್ಲುಗಳನ್ನು ಸುತ್ತಲಿನ ಕಾಡಿನಲ್ಲಿ ಸಾಲಾಗಿ ಹರಡಿದರು. ಅಷ್ಟರಲ್ಲಿ ಯುದ್ಧ ಹತ್ತಿರ ಬಂತು. ಕೆಲಸ ನಿಂತಿತು. 1975ರಲ್ಲಿ ಖ್ಮೇರ್ ರೂಜ್ ನೊಮ್ ಪೆನ್ಹ್ ಹಿಡಿದಾಗ ಆ ದಾಖಲೆಗಳೆಲ್ಲ ನಾಶವಾದವು. ಮುಂದಿನ ನಾಲ್ಕು ವರ್ಷಗಳಲ್ಲಿ ಆ ದೇಶದ ಹದಿನೈದರಿಂದ ಇಪ್ಪತ್ತು ಲಕ್ಷ ಜನ ಸತ್ತರು. ಗುಡಿಯ ಕೆಲಸ ಬಲ್ಲವರೂ ಅವರಲ್ಲಿದ್ದರು.

ನಮ್ಮನ್ನು ಸುತ್ತಾಡಿಸುತ್ತಿದ್ದ ರೆಮೋರ್ಕ್ (ಬೈಕು ಎಳೆಯುವ) ಗಾಡಿಯವರಿಗೆ ಐವತ್ತೈದರ ಮೇಲೆ. ಅವರನ್ನು ನಾನು ಅಲ್ಲಿಯ ರೂಢಿಯಂತೆ 'ಬಾಂಗ್' ಎಂದು, ಅಂದರೆ ಅಣ್ಣ ಎಂದು ಕರೆಯುತ್ತಿದ್ದೆ. ಆ ಕಾಲದಲ್ಲಿ ಎಲ್ಲಿದ್ದಿರಿ ಎಂದು ಕೇಳಬಾರದಿತ್ತು, ಕೇಳಿದೆ. "ಚಿಕ್ಕವನು. ಗದ್ದೆ" ಎಂದರು. ಆಮೇಲೆ ಗಾಡಿಯ ಚಕ್ರ ನೋಡಿದರು.

1995ರಲ್ಲಿ ಪಾಸ್ಕಲ್ ರೋಯೇರ್ ಎಂಬ ಯುವ ವಾಸ್ತುಶಿಲ್ಪಿ ಆ ಕಾಡಿಗೆ ಬಂದಾಗ ಅವನ ಮುಂದಿದ್ದದ್ದು ಪಾಚಿ ಹಿಡಿದ ಮೂರು ಲಕ್ಷ ಕಲ್ಲು, ನಕ್ಷೆಯಿಲ್ಲ. ಅರವತ್ತರ ದಶಕದಲ್ಲಿ ಅಲ್ಲಿ ದುಡಿದಿದ್ದ ಝಾಕ್ ದ್ಯುಮಾರ್ಸೆಯ ನೆನಪು, ಉಳಿದ ಹಳೆಯ ಛಾಯಾಚಿತ್ರಗಳು, ಬದುಕಿ ಹಿಂದಿರುಗಿದ ಕೆಲವು ಖ್ಮೇರ್ ಕೆಲಸಗಾರರು, ಇಷ್ಟೇ ಆಧಾರ. ಅದಲ್ಲದೆ ಇನ್ನೊಂದಿತ್ತು, ಕಲ್ಲೇ. ಒಂದನ್ನೊಂದು ತೇಯ್ದು ಕೂಡಿಸಿದ ಕಲ್ಲಾದ್ದರಿಂದ ಜೊತೆ ತಪ್ಪಿದರೆ ಕೂರುವುದಿಲ್ಲ. ಹದಿನಾರು ವರ್ಷ ಹಿಡಿಯಿತು. 2011ರ ಜುಲೈನಲ್ಲಿ ದೊರೆ ಸಿಹಮೋನಿ ಬಂದು ಗುಡಿಯನ್ನು ಮತ್ತೆ ತೆರೆದರು. ಮಲಗಿದ ಬುದ್ಧನನ್ನು ಹಾಗೇ ಉಳಿಸಿದ್ದಾರೆ. ಅವನ ಮೈಯಲ್ಲಿರುವ ಕಲ್ಲುಗಳು ಗುಡಿಯವೇ ಆದರೂ ಅವನ್ನು ವಾಪಸು ಕೇಳುವ ಮನಸ್ಸು ಯಾರಿಗೂ ಬರಲಿಲ್ಲ.

ಇದನ್ನೆಲ್ಲ ಕಾಲುದಾರಿಯ ಮೇಲೆ ನಿಂತು ಹೇಳುತ್ತಿದ್ದಾಗ ಮಾವ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ನಿನ್ನ ಅಜ್ಜನ ಮನೆ ಬಿಚ್ಚಿದ್ದು ನೆನಪುಂಟಾ?" ಎಂದರು. ನಾನಾಗ ಆರನೆಯ ಕ್ಲಾಸು. ಪಾಲಾದ ಮೇಲೆ ಹಳೆಯ ಮನೆ ಬಿಚ್ಚಿ, ಮರವೆಲ್ಲ ಮಾವನ ಹೊಸ ಜಾಗಕ್ಕೆ ಒಯ್ಯುವುದೆಂದಾಯಿತು. ಪಕ್ಕಾಸು, ತೊಲೆ, ಬಾಗಿಲು, ಎಲ್ಲದಕ್ಕೂ ಮಾವ ಸೀಮೆಸುಣ್ಣದಲ್ಲಿ ನಂಬರು ಹಾಕಿದ್ದರು. ಲಾರಿ ಬರುವುದು ಒಂದು ದಿನ ತಡವಾಯಿತು. ಆ ರಾತ್ರಿ ಅಕಾಲದ ಮಳೆ. ಬೆಳಿಗ್ಗೆ ಅಂಗಳದ ತುಂಬ ತೊಳೆದಿಟ್ಟ ಮರ, ಒಂದರ ಮೇಲೂ ನಂಬರಿಲ್ಲ.

"ಎಷ್ಟು ದಿನ ಬೇಕಾಯಿತು ಮಾವ?"

"ಇಪ್ಪತ್ತೆರಡು. ಮರದ ಕಚ್ಚು ನೋಡಿ ನೋಡಿ ಸೇರಿಸಿದ್ದು. ಎರಡು ಪಕ್ಕಾಸು ಕೊನೆಗೂ ಎಲ್ಲಿಯದೆಂದು ತಿಳಿಯಲಿಲ್ಲ. ಅಟ್ಟದಲ್ಲುಂಟು ಈಗಲೂ." ಆಮೇಲೆ ಮಾವ ಮಣಿಪಾಲದ ಹಸ್ತಶಿಲ್ಪಕ್ಕೆ ಹೋಗಿ, ವಿಜಯನಾಥ ಶೆಣೈಯವರು ಊರೂರಿನ ಹಳೆಯ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ್ದನ್ನು ನೋಡಿ, ಅವರು ನಂಬರಿಗೆ ಏನು ಬಳಸಿದರೆಂದು ಅಲ್ಲಿನ ಕಾವಲುಗಾರನನ್ನು ಕೇಳಿದ್ದರಂತೆ.

ಬಾಫೂಒನ್ ಮೆಟ್ಟಿಲು ಬಹಳ ಕಡಿದು. ಮಾವ ಮೊದಲ ಅಂತಸ್ತಿಗೇ ಸಾಕೆಂದರು. ನಾನೊಬ್ಬನೇ ಮೇಲೆ ಹೋದೆ. ಮೇಲಿನಿಂದ ಕಾಡು, ಅದರಾಚೆ ಕಾಡು. ಹೊಸದಾಗಿ ಕೂರಿಸಿದ ಕಲ್ಲು ಯಾವುದು, ಹಳೆಯದು ಯಾವುದು ಎಂದು ಬಣ್ಣದಿಂದ ಗೊತ್ತಾಗುತ್ತದೆ. ಹಿಂದಿನ ಬದಿಗೆ ಇಳಿದು ಬುದ್ಧನನ್ನು ಹುಡುಕಿದೆ. ಹತ್ತಿರದಿಂದ ಬರಿಯ ಗೋಡೆ. ದೂರ ಹೋಗಿ ತಿರುಗಿದಾಗ ಮುಖ, ಮೂಗು, ಮುಚ್ಚಿದ ಕಣ್ಣು ಕೂಡಿಕೊಂಡವು.

ಸುತ್ತಿ ಬಂದಾಗ ಮಾವ ಕೂರಿಸಿದಲ್ಲಿ ಇರಲಿಲ್ಲ. ಮರಗಳ ಕೆಳಗೆ, ಇನ್ನೂ ಜಾಗ ಸಿಗದೆ ಸಾಲಾಗಿ ಉಳಿದ ಕಲ್ಲುಗಳ ನಡುವೆ ಇದ್ದರು. ಒಂದು ಕಲ್ಲಿನ ಅಂಚಿಗೆ ಗೇಣಿಟ್ಟು ಅಳೆಯುತ್ತಿದ್ದರು.

"ಇಲ್ಲಿ ನೋಡು, ಇದಕ್ಕೊಂದು ಮೆಟ್ಟು ತೆಗೆದಿದ್ದಾರೆ. ಒಂದು ಗೇಣು, ಮೂರು ಬೆರಳು. ಇದರ ಜೊತೆಯದ್ದು ಇಲ್ಲೇ ಎಲ್ಲೋ ಇರಬೇಕು."

ಮೂರು ಲಕ್ಷದಲ್ಲಿ ಹುಡುಕಿ ಸಿಗದೆ ಬಿಟ್ಟದ್ದು ಮಾವ ಎಂದೆ. ಕೇಳಿಸಿಕೊಳ್ಳಲಿಲ್ಲ. ಗೇಣನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಮುಂದಿನ ಸಾಲಿಗೆ ಹೋದರು. ಹೊತ್ತಾಯಿತೆಂದು ಕರೆಯಲು ಬಂದ ಬಾಂಗ್, ಸ್ವಲ್ಪ ಹೊತ್ತು ನಮ್ಮಿಬ್ಬರನ್ನು ನೋಡಿದರು. ಮಾವನ ಬೆರಳು ನೋಡಿ ತಮ್ಮ ಬೆರಳನ್ನೂ ಅಷ್ಟೇ ಅಗಲಿಸಿದರು, ತಲೆಯಾಡಿಸಿ, ಆ ಕಡೆಯ ಕೊನೆಯಿಂದ ಶುರುಮಾಡಿದರು.